ನಕ್ಷೆಯಲ್ಲೇ ಉಳಿಯಬೇಕಾದ ವಿದ್ಯುತ್

1902ರ ಜೂನ್ 30. ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಉತ್ಪಾದಿಸಿದ ವಿದ್ಯುತ್ ಸುಮಾರು 147 ಕಿಲೋಮೀಟರ್ ಉದ್ದದ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಅಷ್ಟು ಉದ್ದದ ವಿದ್ಯುತ್ ಮಾರ್ಗ ಆ ಕಾಲಕ್ಕೆ ಜಗತ್ತಿನಲ್ಲೇ ಅಪರೂಪ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಉರಿದದ್ದು ಅದಾಗಿ ಮೂರು ವರ್ಷಗಳ ನಂತರ, 1905ರಲ್ಲಿ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ಅಂದು ಅಲ್ಲಿಗೆ ಬಂದ ವಿದ್ಯುತ್ ಇಂದು ನಮ್ಮೆಲ್ಲರ ಮನೆ, ಶಾಲೆ, ಆಸ್ಪತ್ರೆ, ಚರ್ಚುಗಳ ಒಳಗಿದೆ. ತಿಂಗಳು ತಿಂಗಳು ಅದರ ಬಿಲ್ಲೂ ಬರುತ್ತಿದೆ.

ಅಂದಿನ ಎಂಜಿನಿಯರುಗಳ ಮುಂದಿದ್ದ ಪ್ರಶ್ನೆ ವಿದ್ಯುತ್ತನ್ನು ಎಷ್ಟು ದೂರದಿಂದ ತರಬಹುದು ಎಂಬುದು. ಇಂದಿನ ಎಲೆಕ್ಟ್ರಿಕಲ್ ಎಂಜಿನಿಯರುಗಳಲ್ಲಿ ಒಂದು ವರ್ಗದವರ ಪ್ರಶ್ನೆ ಬೇರೆ. ಈ ಕಟ್ಟಡಕ್ಕೆ ಎಷ್ಟು ಕಡಿಮೆ ವಿದ್ಯುತ್ ಸಾಕು ಎಂದು ಅವರು ಕೇಳುತ್ತಾರೆ. ಇಂಧನ ಉಳಿಸುವ ಕಟ್ಟಡಗಳನ್ನು ರೂಪಿಸುವ ಈ ವೃತ್ತಿಯ ಬಗ್ಗೆ ಕರಾವಳಿಯ ನಮಗೆ ತಿಳುವಳಿಕೆ ಬೇಕು. ಅದಕ್ಕೆ ಎರಡು ಕಾರಣಗಳಿವೆ. ಸುರತ್ಕಲ್, ಮಂಗಳೂರು, ಉಡುಪಿ ಕಡೆಗಳಲ್ಲಿ ಎಲೆಕ್ಟ್ರಿಕಲ್ ಓದಿದ ನಮ್ಮ ಮಕ್ಕಳು ಬೆಂಗಳೂರಿಗೂ ಅದರಾಚೆಯ ಕೈಗಾರಿಕಾ ಪ್ರದೇಶಗಳಿಗೂ ಕೆಲಸ ಹುಡುಕಿ ಹೋಗುತ್ತಿದ್ದಾರೆ. ಕೋಲಾರದ ನರಸಾಪುರದಲ್ಲಿ 2013ರಲ್ಲಿ ಹೋಂಡಾ ದ್ವಿಚಕ್ರ ವಾಹನಗಳ ಕಾರ್ಖಾನೆ ಆರಂಭವಾಯಿತು. ಅಲ್ಲಿಯೇ ಐಫೋನ್ ಜೋಡಿಸುವ ಕಾರ್ಖಾನೆ 2023ರಿಂದ ಟಾಟಾ ಸಮೂಹದ ಕೈಯಲ್ಲಿದೆ. ಇದು ಒಂದು ಕಾರಣ. ಎರಡನೆಯದು, ನಮ್ಮ ಧರ್ಮಕೇಂದ್ರಗಳಲ್ಲಿ ಪ್ರತಿವರ್ಷ ಒಂದಿಲ್ಲೊಂದು ಕಟ್ಟಡ ಏಳುತ್ತಲೇ ಇದೆ. ಇವತ್ತು ನಾವು ಒಪ್ಪಿಗೆ ಕೊಡುವ ನಕ್ಷೆಯ ಬಿಲ್ಲನ್ನು ನಮ್ಮ ನಂತರದವರು ಐವತ್ತು ವರ್ಷ ಕಟ್ಟುತ್ತಾರೆ.

ಈ ವಿಷಯವನ್ನು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲೂಕುಗಳನ್ನು ಮುಂದಿಟ್ಟುಕೊಂಡು ವಿವರಿಸಲು ಬಯಸುತ್ತೇವೆ. ನೀರು, ಇಂಧನ ಎರಡಕ್ಕೂ ಕಷ್ಟಪಡುವ ಆ ಸೀಮೆಯಲ್ಲಿ ತಪ್ಪು ಕಟ್ಟಡದ ಬೆಲೆ ಬೇಗ ಗೊತ್ತಾಗುತ್ತದೆ.

ವಯರಿಂಗ್ ಮಾಡುವವರಲ್ಲ

ಮೊದಲು ನಮ್ಮದೇ ಒಂದು ಅನುಭವ. ಹಲವು ವರ್ಷಗಳ ಹಿಂದೆ ನಾವು ಸೇವೆ ಸಲ್ಲಿಸುತ್ತಿದ್ದ ಕಡೆ ಒಂದು ಸಭಾಭವನ ಕಟ್ಟಿಸಿದೆವು. ನಕ್ಷೆ ಆಯಿತು, ಗೋಡೆ ಎದ್ದಿತು, ಸ್ಲ್ಯಾಬ್ ಬಿತ್ತು. ಆಮೇಲೆ ‘ಕರೆಂಟಿನವರನ್ನು ಕರೆಯಿರಿ’ ಎಂದೆವು. ಇಪ್ಪತ್ತನಾಲ್ಕು ಟ್ಯೂಬ್‌ಲೈಟುಗಳನ್ನು ಎರಡೇ ಸ್ವಿಚ್ಚುಗಳಿಗೆ ಜೋಡಿಸಿದರು. ಮುಂದಿನ ಸಾಲಿನಲ್ಲಿ ಇಪ್ಪತ್ತು ಮಕ್ಕಳ ಧರ್ಮೋಪದೇಶ ತರಗತಿ ನಡೆದರೂ ಅರ್ಧ ಭವನದ ದೀಪ ಉರಿಯಲೇಬೇಕು. ಪಶ್ಚಿಮದ ಗೋಡೆಗೆ ದೊಡ್ಡ ಗಾಜಿನ ಕಿಟಕಿಗಳಿದ್ದವು. ಸಂಜೆಯ ಬಿಸಿಲಿಗೆ ಪರದೆ ಎಳೆದು, ಹಗಲಿನಲ್ಲೇ ದೀಪ ಹಾಕಿ, ಫ್ಯಾನ್ ತಿರುಗಿಸಿ ಕುಳಿತುಕೊಳ್ಳುತ್ತಿದ್ದೆವು. ಯಾರೊಬ್ಬರ ತಪ್ಪೂ ಇರಲಿಲ್ಲ. ಕೇಳಬೇಕಾದವರನ್ನು ಕೇಳಬೇಕಾದ ಹೊತ್ತಿನಲ್ಲಿ ನಾವು ಕೇಳಿರಲಿಲ್ಲ, ಅಷ್ಟೆ.

ಎಲೆಕ್ಟ್ರಿಕಲ್ ಎಂಜಿನಿಯರ್ ಎಂದರೆ ತಂತಿ ಎಳೆಯುವವರು ಎಂಬ ಭಾವನೆ ನಮ್ಮಲ್ಲಿ ಇನ್ನೂ ಇದೆ. ದೊಡ್ಡ ಕಟ್ಟಡದಲ್ಲಿ ಅವರ ಕೆಲಸ ಲೆಕ್ಕದಿಂದ ಶುರುವಾಗುತ್ತದೆ. ಎಷ್ಟು ದೀಪ, ಎಷ್ಟು ಫ್ಯಾನ್, ಎಷ್ಟು ಎ.ಸಿ., ಯಾವ ಪಂಪು, ಇವೆಲ್ಲ ಒಟ್ಟಿಗೆ ಓಡಿದಾಗ ಎಷ್ಟು ಲೋಡು, ಅದಕ್ಕೆ ಎಂಥ ಟ್ರಾನ್ಸ್‌ಫಾರ್ಮರ್, ಎಂಥ ಜನರೇಟರ್ ಎಂಬುದನ್ನೆಲ್ಲ ಅವರು ತೀರ್ಮಾನಿಸುತ್ತಾರೆ. ಈ ಲೋಡು ಹೆಚ್ಚಾದಷ್ಟೂ ಖರ್ಚು ಹೆಚ್ಚು. ಒಂದು ಯೂನಿಟ್ ಬಳಸದಿದ್ದರೂ ಮಂಜೂರಾದ ಲೋಡಿಗೆ ತಕ್ಕ ನಿಗದಿತ ಶುಲ್ಕವನ್ನು ಪ್ರತಿ ತಿಂಗಳು ಕಟ್ಟಬೇಕಾಗುತ್ತದೆ.

ಈ ಲೆಕ್ಕ ಮಾಡುತ್ತಾ ಹೋದ ಎಂಜಿನಿಯರಿಗೆ ಒಂದು ಸತ್ಯ ಹೊಳೆಯುತ್ತದೆ. ಎ.ಸಿ. ಎಷ್ಟು ಬೇಕೆಂಬುದನ್ನು ನಿರ್ಧರಿಸುವುದು ಕಿಟಕಿ. ಹಗಲಿನ ದೀಪ ಎಷ್ಟು ಬೇಕೆಂಬುದನ್ನು ನಿರ್ಧರಿಸುವುದು ಕೋಣೆಯ ಅಗಲ. ಫ್ಯಾನಿನ ವೇಗವನ್ನು ನಿರ್ಧರಿಸುವುದು ಮೇಲಿನ ತಾರಸಿ. ಅಂದರೆ ವಿದ್ಯುತ್ ಖರ್ಚಿನ ದೊಡ್ಡ ಪಾಲು ವಯರಿಂಗಿಗೆ ಮೊದಲೇ, ನಕ್ಷೆಯಲ್ಲೇ ತೀರ್ಮಾನವಾಗಿರುತ್ತದೆ. ಆದ್ದರಿಂದ ಆ ಎಂಜಿನಿಯರು ಆರ್ಕಿಟೆಕ್ಟ್ ಜೊತೆ ಮೊದಲ ದಿನವೇ ಕುಳಿತುಕೊಳ್ಳಬೇಕು. ಅತ್ಯಂತ ಅಗ್ಗದ ಯೂನಿಟ್ ಯಾವುದೆಂದರೆ ಬೇಕಾಗದೇ ಹೋದ ಯೂನಿಟ್.

ಸೂರ್ಯನ ದಾರಿ ಒಂದೇ, ಹವೆ ಬೇರೆ

ಮಂಗಳೂರು ಮತ್ತು ಕೋಲಾರ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಸುಮಾರು 13 ಡಿಗ್ರಿ ಉತ್ತರ. ಆದ್ದರಿಂದ ಎರಡೂ ಕಡೆ ಸೂರ್ಯ ಸಾಗುವ ದಾರಿ ಒಂದೇ. ಡಿಸೆಂಬರಿನ ಮಧ್ಯಾಹ್ನ ಅವನು ದಕ್ಷಿಣಕ್ಕೆ ವಾಲುತ್ತಾನೆ. ಜೂನಿನಲ್ಲಿ ನೆತ್ತಿಗಿಂತ ತುಸು ಉತ್ತರದಲ್ಲಿರುತ್ತಾನೆ. ವರ್ಷದ ಬಹುಪಾಲು ನಡುಹಗಲಿನಲ್ಲಿ ನೆತ್ತಿಯ ಹತ್ತಿರವೇ ಇರುವುದರಿಂದ ಅತಿ ಹೆಚ್ಚು ಬಿಸಿಲು ಬೀಳುವುದು ಮಾಡಿನ ಮೇಲೆ. ದಕ್ಷಿಣದ ಕಿಟಕಿಗೆ ಒಂದು ಅಗಲವಾದ ಸಜ್ಜಾ ಇದ್ದರೆ ನೆರಳಾಗುತ್ತದೆ. ಪಶ್ಚಿಮದ ಕಿಟಕಿಗೆ ಸಜ್ಜಾ ಸಾಲದು, ಏಕೆಂದರೆ ಸಂಜೆಯ ಸೂರ್ಯ ಕೆಳಗಿಳಿದು ನೇರವಾಗಿ ಒಳಗೆ ಇಣುಕುತ್ತಾನೆ. ಮೆಟ್ಟಿಲು, ಶೌಚಾಲಯ, ಉಗ್ರಾಣಗಳನ್ನು ಪಶ್ಚಿಮಕ್ಕೆ ಇಟ್ಟು, ಜನ ಕುಳಿತುಕೊಳ್ಳುವ ಕೋಣೆಗಳನ್ನು ಉತ್ತರ-ದಕ್ಷಿಣಕ್ಕೆ ತೆರೆದಿಡುವುದು ಎರಡೂ ಊರಿಗೆ ಹೊಂದುವ ನಿಯಮ.

ಮುಂದಿನದು ಊರಿಂದ ಊರಿಗೆ ಬೇರೆ. ಕರಾವಳಿಯಲ್ಲಿ ಸೆಕೆ ಹಗಲೂ ರಾತ್ರಿಯೂ ಹೋಗುವುದಿಲ್ಲ, ಬೆವರು ಆರುವುದಿಲ್ಲ. ಇಲ್ಲಿ ಗಾಳಿ ಎದುರಾಬದುರು ಹಾಯಬೇಕು. ಸಮುದ್ರಮಟ್ಟದಿಂದ ಸುಮಾರು 800 ಮೀಟರಿಗೂ ಎತ್ತರದ ಕೋಲಾರದಲ್ಲಿ ಹಗಲು ಬಿಸಿಲು ಚುರುಕು, ರಾತ್ರಿ ತಂಪು. ಅಲ್ಲಿ ದಪ್ಪ ಗೋಡೆ ಕೆಲಸಕ್ಕೆ ಬರುತ್ತದೆ. ಹಗಲಿನ ಶಾಖವನ್ನು ಗೋಡೆ ತಾನು ಹೀರಿ, ಒಳಗೆ ತಲುಪಿಸುವುದನ್ನು ಸಂಜೆಯವರೆಗೆ ತಡೆಯುತ್ತದೆ. ರಾತ್ರಿ ಕಿಟಕಿ ತೆರೆದರೆ ತಂಪು ಗಾಳಿ ಅದನ್ನು ಮತ್ತೆ ಆರಿಸುತ್ತದೆ. ಆ ಸೀಮೆಯ ಹಳೆಯ ಮನೆಗಳಲ್ಲಿ ಕಲ್ಲಿನ ದಪ್ಪ ಗೋಡೆ, ಮೇಲೆ ಕಲ್ಲು ಚಪ್ಪಡಿ, ನಡುವೆ ತೊಟ್ಟಿ ಇರುತ್ತಿದ್ದುದು ಈ ಕಾರಣಕ್ಕೆ. ಬೆಂಗಳೂರಿನಲ್ಲಿ ನೋಡಿದ ಗಾಜಿನ ಕಟ್ಟಡವನ್ನು ಮುಳಬಾಗಿಲಿಗೋ ಮೂಡುಬಿದಿರೆಗೋ ಹೊತ್ತು ತಂದರೆ ಆ ಊರಿನ ಹವೆಯೊಂದಿಗೆ ದಿನವೂ ಜಗಳ ತಪ್ಪದು. ಆ ಜಗಳದ ಖರ್ಚೇ ಎ.ಸಿ. ಬಿಲ್ಲು.

ಇಂಥ ಕಟ್ಟಡಕ್ಕೆ ಕೋಲಾರದ ರೈತರು ಹೊಸಬರಲ್ಲ. ರೇಷ್ಮೆ ಬೆಳೆಗಾರರ ಹುಳು ಮನೆಯನ್ನೇ ನೋಡಿ. ದೊಡ್ಡ ಹುಳುಗಳಿಗೆ ಸುಮಾರು 24ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇ. 70ರ ಆಸುಪಾಸಿನ ತೇವಾಂಶ ಬೇಕು. ಚಾಕಿ ಹುಳುಗಳಿಗೆ ಇನ್ನೂ ತುಸು ಹೆಚ್ಚು ಬೆಚ್ಚಗೆ, ಇನ್ನೂ ಹೆಚ್ಚು ತೇವ. ಹೆಚ್ಚುಕಡಿಮೆಯಾದರೆ ರೋಗ ಬಂದು ಬೆಳೆಯೇ ಹೋಗುತ್ತದೆ. ಬೆಳೆಗಾರರು ಎ.ಸಿ. ಹಾಕಿ ಇದನ್ನು ಸಾಧಿಸಲಿಲ್ಲ. ಸುತ್ತ ಜಗುಲಿ, ಮರದ ನೆರಳು, ಮೇಲೆ ಸೋಗೆ, ಕಿಟಕಿಗೆ ಒದ್ದೆ ಗೋಣಿತಾಟು, ಬಿಸಿಗಾಳಿ ಹೊರಹೋಗಲು ಮೇಲೆ ಕಿಂಡಿ, ಇಷ್ಟರಿಂದಲೇ ಹುಳುಗಳನ್ನು ಉಳಿಸಿಕೊಂಡರು. ಇಂದಿನ ಎಂಜಿನಿಯರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದೂ ಇದನ್ನೇ.

ಮಾಲೂರಿನ ಇಟ್ಟಿಗೆ, ಮಂಗಳೂರಿನ ಹೆಂಚು

ಕಟ್ಟಡ ಬಳಕೆಗೆ ಬರುವ ಮೊದಲೇ ಇಂಧನ ತಿಂದಿರುತ್ತದೆ ಎಂಬುದನ್ನೂ ಮರೆಯಬಾರದು. ಮಾಲೂರು ಇಟ್ಟಿಗೆ ಮತ್ತು ಹೆಂಚಿಗೆ ಹೆಸರಾದ ಊರು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಕಥೆ ಬಲ್ಲ ನಮಗೆ ಈ ಉದ್ಯಮ ಅಪರಿಚಿತವಲ್ಲ. ಎಷ್ಟೋ ಕುಟುಂಬಗಳು ಅದರಿಂದ ಉಂಡಿವೆ. ಆದರೆ ಗೂಡಿಗೆ ಕಟ್ಟಿಗೆಯೋ ಕಲ್ಲಿದ್ದಲೋ ಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಎಂಬ ಕೇಂದ್ರವನ್ನು ಆರಂಭಿಸಿದರು. ಅಲ್ಲಿ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಕಟ್ಟಡ ಸಾಮಗ್ರಿಗಳ ಇಂಧನ ಲೆಕ್ಕವನ್ನು ಅಳೆದು ಹೇಳಿದರು. ಒಂದು ಸುಟ್ಟ ಇಟ್ಟಿಗೆಗೆ ಸುಮಾರು 4.25 ಮೆಗಾಜೌಲ್ ಶಾಖ ಬೇಕು. ವಿದ್ಯುತ್ತಿನ ಭಾಷೆಯಲ್ಲಿ ಹೇಳುವುದಾದರೆ ಅದು ಸುಮಾರು 1.2 ಯೂನಿಟ್ಟಿನಷ್ಟು ಶಕ್ತಿ. ಐವತ್ತು ಸಾವಿರ ಇಟ್ಟಿಗೆಯ ಕಟ್ಟಡ ಎಂದರೆ ಸುಮಾರು ಅರವತ್ತು ಸಾವಿರ ಯೂನಿಟ್ಟಿಗೆ ಸಮನಾದ ಶಾಖ ಗೋಡೆಯಲ್ಲೇ ಹೋಗಿರುತ್ತದೆ. ಇಟ್ಟಿಗೆ ಗೋಡೆಯ ಒಂದು ಘನ ಮೀಟರಿಗೆ ಸುಮಾರು 2,100 ಮೆಗಾಜೌಲ್ ಬೇಕಾದರೆ, ತುಸು ಸಿಮೆಂಟ್ ಬೆರೆಸಿ ಒತ್ತಿ ಮಾಡಿದ ಮಣ್ಣಿನ ಬ್ಲಾಕಿನ ಗೋಡೆಗೆ ಸುಮಾರು 650ರಿಂದ 810 ಮೆಗಾಜೌಲ್ ಸಾಕು. ಈ ಬ್ಲಾಕನ್ನು ಸುಡಬೇಕಾಗಿಲ್ಲ, ನೀರುಣಿಸಿ ಗಟ್ಟಿ ಮಾಡಿದರಾಯಿತು.

ಎಲ್ಲ ಕಡೆ ಮಣ್ಣಿನ ಬ್ಲಾಕೇ ಹಾಕಿ ಎಂದು ನಾವು ಹೇಳುತ್ತಿಲ್ಲ. ನಮ್ಮ ಕಡೆ ಮುರಕಲ್ಲು ಇದೆ, ಕೋಲಾರದಲ್ಲಿ ಸೈಜುಗಲ್ಲು ಇದೆ. ಅವನ್ನೂ ಸುಡಬೇಕಾಗಿಲ್ಲ. ಹತ್ತಿರದಲ್ಲಿ ಸಿಗುವುದನ್ನು ಮೊದಲು ನೋಡಿ ಎಂಬುದಷ್ಟೇ ನಮ್ಮ ಮಾತು.

ನಲ್ಲಿ ತಿರುಗಿಸಿದರೆ ಮೀಟರೂ ತಿರುಗುತ್ತದೆ

ಮುಳಬಾಗಿಲು, ಶ್ರೀನಿವಾಸಪುರಗಳ ಕಡೆ ಕಟ್ಟಡದ ವಿದ್ಯುತ್ ಎಂದರೆ ದೊಡ್ಡ ಪಾಲು ನೀರಿನ ವಿದ್ಯುತ್. ಆ ಸೀಮೆಯಲ್ಲಿ ಸದಾ ಹರಿಯುವ ಹೊಳೆಯಿಲ್ಲ. ವರ್ಷದ ಮಳೆ ಸುಮಾರು 700 ಮಿ.ಮೀ. ಆಸುಪಾಸು. ಕರಾವಳಿಯಲ್ಲಿ ಅದು 3,500 ಮಿ.ಮೀ. ಮೀರುತ್ತದೆ. ಕೆರೆಗಳು ಬತ್ತಿದಂತೆ ಕೊಳವೆಬಾವಿಗಳು ಸಾವಿರ ಅಡಿಗೂ ಕೆಳಗಿಳಿದವು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಪಂಪ್ ಮಾಡಿ ತುಂಬಿಸಲಾಗುತ್ತಿದೆ. ಅದಕ್ಕೂ ವಿದ್ಯುತ್ತೇ ಬೇಕು.

ಒಂದು ಸರಳ ಲೆಕ್ಕ ಮಾಡೋಣ. ಸಾವಿರ ಲೀಟರ್ ನೀರನ್ನು 300 ಮೀಟರ್, ಅಂದರೆ ಸುಮಾರು ಸಾವಿರ ಅಡಿ, ಮೇಲೆತ್ತಲು ಭೌತಶಾಸ್ತ್ರದ ಪ್ರಕಾರ ಕನಿಷ್ಠ 0.8 ಯೂನಿಟ್ ಬೇಕು. ಪಂಪು, ಮೋಟಾರುಗಳಲ್ಲಿ ಅರ್ಧದಷ್ಟು ನಷ್ಟವಾಗುತ್ತದೆ ಎಂದಿಟ್ಟುಕೊಂಡರೆ 1.6 ಯೂನಿಟ್. ನೂರು ಮಕ್ಕಳ ಹಾಸ್ಟೆಲ್‌ನಲ್ಲಿ ತಲೆಗೆ ನೂರು ಲೀಟರಿನಂತೆ ದಿನಕ್ಕೆ ಹತ್ತು ಸಾವಿರ ಲೀಟರ್ ಬಳಸಿದರೆ ದಿನಕ್ಕೆ 16 ಯೂನಿಟ್, ವರ್ಷಕ್ಕೆ ಐದು ಸಾವಿರಕ್ಕೂ ಹೆಚ್ಚು. ಸೋರುವ ನಲ್ಲಿ ಅಲ್ಲಿ ವಿದ್ಯುತ್ತನ್ನೂ ಸೋರಿಸುತ್ತದೆ.

ಇಲ್ಲಿಯೂ ಉತ್ತರ ನಕ್ಷೆಯಲ್ಲೇ ಇದೆ. ಸ್ನಾನದ ನೀರು ಮತ್ತು ಶೌಚಾಲಯದ ನೀರಿನ ಪೈಪುಗಳನ್ನು ಮೊದಲೇ ಬೇರೆ ಮಾಡಿದರೆ, ಸ್ನಾನದ ನೀರನ್ನು ಸೋಸಿ ಶೌಚಾಲಯಕ್ಕೂ ತೋಟಕ್ಕೂ ಬಳಸಬಹುದು. ಅಷ್ಟು ನೀರನ್ನು ಸಾವಿರ ಅಡಿಯಿಂದ ಎತ್ತುವುದು ತಪ್ಪುತ್ತದೆ. 200 ಚದರ ಮೀಟರ್ ತಾರಸಿಯಿಂದ ಕೋಲಾರದ ಮಳೆಯಲ್ಲೂ ವರ್ಷಕ್ಕೆ ಒಂದು ಲಕ್ಷ ಲೀಟರಿಗೂ ಹೆಚ್ಚು ನೀರು ಹಿಡಿಯಬಹುದು. ಕಟ್ಟಡ ಮುಗಿದ ಮೇಲೆ ಗೋಡೆ ಒಡೆದು ಈ ಪೈಪು ಹಾಕುವ ಉತ್ಸಾಹ ಯಾವ ಸಮಿತಿಗೂ ಉಳಿದಿರುವುದಿಲ್ಲ.

ಹಾಸ್ಟೆಲ್ ಅಡುಗೆಮನೆಯ ವಿಷಯವೂ ಹೀಗೆಯೇ. ಕೋಲಾರದಲ್ಲಿ ನೆಲೆಯಿರುವ ಎಸ್.ಕೆ.ಜಿ. ಸಂಘ ಎಂಬ ಸಂಸ್ಥೆ ಗ್ರಾಮೀಣ ಕುಟುಂಬಗಳಿಗೆ ಗೋಬರ್ ಗ್ಯಾಸ್ ಘಟಕಗಳನ್ನು ಕಟ್ಟಿಕೊಟ್ಟು, ಅದರ ಬಗ್ಗಡವನ್ನು ಎರೆಗೊಬ್ಬರವಾಗಿಸುವ ಕೆಲಸಕ್ಕಾಗಿ 2007ರಲ್ಲಿ ಬ್ರಿಟನ್ನಿನ ಆ್ಯಶ್ಡೆನ್ ಪ್ರಶಸ್ತಿ ಪಡೆಯಿತು. ಘಟಕಕ್ಕೆ ಅಡುಗೆಮನೆಯ ಪಕ್ಕ ಜಾಗ ಬಿಟ್ಟಿದ್ದರೆ ಮಾತ್ರ ಇಂಥದ್ದು ಸಾಧ್ಯ.

ಮೊದಲು ಉಳಿತಾಯ, ಆಮೇಲೆ ಸೋಲಾರ್

‘ನಾವು ಸೋಲಾರ್ ಹಾಕಿದ್ದೇವೆ, ನಮ್ಮದು ಹಸಿರು ಕಟ್ಟಡ’ ಎಂಬ ಮಾತನ್ನು ಈಗ ಎಲ್ಲೆಡೆ ಕೇಳುತ್ತೇವೆ. ಒಳ್ಳೆಯದೇ. ಆದರೆ ಕ್ರಮ ತಪ್ಪಬಾರದು. ಇಪ್ಪತ್ತು ಕೋಣೆಗಳ ಶಾಲೆಯೊಂದರಲ್ಲಿ ಕೋಣೆಗೆ ಮೂರರಂತೆ ಅರವತ್ತು ಫ್ಯಾನುಗಳಿವೆ ಎನ್ನೋಣ. ದಿನಕ್ಕೆ ಆರು ಗಂಟೆ, ವರ್ಷಕ್ಕೆ ಇನ್ನೂರು ದಿನ. ಹಳೆಯ ಮಾದರಿಯ 75 ವ್ಯಾಟಿನ ಫ್ಯಾನುಗಳು 5,400 ಯೂನಿಟ್ ಬಳಸುತ್ತವೆ. ಈಗ ಸಿಗುವ ಸುಮಾರು 30 ವ್ಯಾಟಿನ ಬಿ.ಎಲ್.ಡಿ.ಸಿ. ಫ್ಯಾನುಗಳಿಗೆ 2,160 ಸಾಕು. ಉಳಿತಾಯ 3,240 ಯೂನಿಟ್. ಒಂದು ಕಿಲೋವ್ಯಾಟ್ ಸೋಲಾರ್ ಫಲಕ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಅಂದರೆ ಫ್ಯಾನ್ ಬದಲಾಯಿಸಿದ್ದರಿಂದಲೇ ಎರಡು ಕಿಲೋವ್ಯಾಟಿಗೂ ಹೆಚ್ಚಿನ ಫಲಕ ಬೇಡವಾಯಿತು. ಮೊದಲು ಬಿಸಿಲು ತಡೆಯಿರಿ, ನಂತರ ಒಳ್ಳೆಯ ಉಪಕರಣ ಆರಿಸಿ, ಉಳಿದದ್ದಕ್ಕೆ ಸೋಲಾರ್ ಹಾಕಿ. ಹಳೆಯ ಕಟ್ಟಡವಾದರೂ ತಾರಸಿಗೆ ಬಿಳಿ ಬಣ್ಣ ಬಳಿಯುವುದರಿಂದ, ಕಿಟಕಿ ಸಾಲಿಗೊಂದು ಸ್ವಿಚ್ಚು ಹಾಕುವುದರಿಂದ ಆರಂಭಿಸಬಹುದು.

ದೊಡ್ಡ ಕಟ್ಟಡಗಳೂ ಇದೇ ಪಾಠ ಹೇಳುತ್ತವೆ. ಬೆಂಗಳೂರಿನ ದೊಮ್ಮಲೂರಿನಲ್ಲಿ ವಾಸ್ತುಶಿಲ್ಪಿ ಸಂಜಯ್ ಮೋಹೆಯವರು ರೂಪಿಸಿದ ಟೆರಿ ಸಂಸ್ಥೆಯ ಕಟ್ಟಡದ ದಕ್ಷಿಣಕ್ಕೆ ಕೊಳಚೆ ಮೋರಿಯಿದೆ. ಆ ಕಡೆಗೆ ಕಿಟಕಿ ಇಡದೆ ಕಪ್ಪು ಕಡಪ ಕಲ್ಲಿನ ಹೊದಿಕೆಯ ಗೋಡೆ ಎಬ್ಬಿಸಿದರು. ಬಿಸಿಲಿಗೆ ಕಲ್ಲು ಕಾದು, ಅದರ ಹಿಂದಿನ ಗಾಳಿ ಮೇಲೇರುತ್ತದೆ. ಆ ಸೆಳೆತಕ್ಕೆ ಉತ್ತರದ ಕಡೆಯಿಂದ ತಂಪು ಗಾಳಿ ಕಟ್ಟಡದೊಳಗೆ ಹಾಯುತ್ತದೆ. ಹೈದರಾಬಾದಿನಲ್ಲಿ ಇನ್ಫೋಸಿಸ್ ಸಂಸ್ಥೆ 2011ರಲ್ಲಿ ಒಂದು ಕಟ್ಟಡವನ್ನು ಎರಡು ಸಮಭಾಗ ಮಾಡಿ ಪರೀಕ್ಷೆಗೇ ಇಳಿಯಿತು. ಒಂದು ಭಾಗಕ್ಕೆ ರೂಢಿಯ ಎ.ಸಿ., ಇನ್ನೊಂದಕ್ಕೆ ಕಾಂಕ್ರೀಟಿನೊಳಗೆ ಹುದುಗಿಸಿದ ಕೊಳವೆಗಳಲ್ಲಿ ತಣ್ಣೀರು ಹರಿಸುವ ವ್ಯವಸ್ಥೆ. ಎರಡು ವರ್ಷ ಅಳೆದು ನೋಡಿದಾಗ ತಣ್ಣೀರಿನ ಭಾಗ ಸುಮಾರು ಶೇ. 34ರಷ್ಟು ಕಡಿಮೆ ವಿದ್ಯುತ್ ಬಳಸಿತ್ತು.

ಮಕ್ಕಳಿಗೆ ದಾರಿ ಯಾವುದು?

ಈ ವೃತ್ತಿಗೆ ಬೇರೆಯದೇ ಪದವಿ ಬೇಕಾಗಿಲ್ಲ. ಎಲೆಕ್ಟ್ರಿಕಲ್ ಬಿ.ಇ. ಮುಗಿಸಿದವರು ಸಾಮಾನ್ಯವಾಗಿ ಕಟ್ಟಡ ಸೇವೆಗಳ ಸಲಹಾ ಸಂಸ್ಥೆಗಳಲ್ಲಿ ಲೋಡ್ ಲೆಕ್ಕ, ದೀಪ ವಿನ್ಯಾಸ, ಕೇಬಲ್ ಆಯ್ಕೆಯಿಂದ ಆರಂಭಿಸುತ್ತಾರೆ. ಎರಡು-ಮೂರು ವರ್ಷ ನಿರ್ಮಾಣ ಸ್ಥಳದಲ್ಲಿ ಧೂಳು ಕುಡಿದ ಮೇಲೆ ವಿಷಯ ಕೈಹತ್ತುತ್ತದೆ. ಕಟ್ಟಡ ಕಟ್ಟುವ ಮೊದಲೇ ಅದರ ವರ್ಷದ ಬಳಕೆಯನ್ನು ಅಂದಾಜಿಸುವ ಎನರ್ಜಿಪ್ಲಸ್‌ನಂಥ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಅದನ್ನು ಕಲಿತವರಿಗೆ ಬೇಡಿಕೆ ಇದೆ.

ಕಾನೂನೂ ಈ ದಿಕ್ಕಿನಲ್ಲೇ ಸಾಗಿದೆ. 2001ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆ ಬಂತು, 2002ರಲ್ಲಿ ಇಂಧನ ದಕ್ಷತಾ ಬ್ಯೂರೋ ಸ್ಥಾಪನೆಯಾಯಿತು. ದೊಡ್ಡ ವಾಣಿಜ್ಯ ಕಟ್ಟಡಗಳಿಗಾಗಿ 2007ರಲ್ಲಿ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ಪ್ರಕಟವಾಗಿ 2017ರಲ್ಲಿ ಪರಿಷ್ಕರಣೆಗೊಂಡಿತು. ವಸತಿ ಕಟ್ಟಡಗಳಿಗೆ 2018ರಲ್ಲಿ ‘ಇಕೋ ನಿವಾಸ್ ಸಂಹಿತಾ’ ಬಂದಿತು. ಬ್ಯೂರೋ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಇಂಧನ ವ್ಯವಸ್ಥಾಪಕ, ಇಂಧನ ಲೆಕ್ಕಪರಿಶೋಧಕರಾಗಬಹುದು. ಹಣದ ಲೆಕ್ಕಕ್ಕೆ ಆಡಿಟರ್ ಇರುವಂತೆ ಯೂನಿಟ್ಟಿನ ಲೆಕ್ಕಕ್ಕೂ ಆಡಿಟರ್ ಇದ್ದಾರೆ ಎಂಬುದು ನಮ್ಮಲ್ಲಿ ಅನೇಕರಿಗೆ ಹೊಸ ವಿಷಯವಿರಬಹುದು.

ನಮ್ಮ ಕರಾವಳಿಗೂ ಈ ಕ್ಷೇತ್ರಕ್ಕೂ ನಂಟಿದೆ. ಕುಂದಾಪುರ ಕಡೆಯ ಹಂದಟ್ಟು ಮೂಲದ ಹರೀಶ್ ಹಂದೆಯವರು ಖರಗ್‌ಪುರದ ಐ.ಐ.ಟಿ.ಯಲ್ಲಿ ಇಂಧನ ಎಂಜಿನಿಯರಿಂಗ್ ಓದಿ, ಅಮೆರಿಕದಲ್ಲಿ ಡಾಕ್ಟರೇಟ್ ಪಡೆದು, 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೋ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದರು. ಬಡವರ ಮನೆಗೆ ಸೋಲಾರ್ ದೀಪ ತಲುಪಿಸಿದ ಕೆಲಸಕ್ಕೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಮನೆಯವರಿಗೆ ನಿಜವಾಗಿ ಎಷ್ಟು ಬೆಳಕು, ಎಲ್ಲಿ, ಯಾವ ಹೊತ್ತಿಗೆ ಬೇಕು ಎಂದು ಮೊದಲು ತಿಳಿದುಕೊಳ್ಳುವುದು ಅವರ ಸಂಸ್ಥೆಯ ರೀತಿ. ಶಾಲೆ, ಆಸ್ಪತ್ರೆಗಳ ಕಟ್ಟಡಕ್ಕೂ ಇದಕ್ಕಿಂತ ಬೇರೆ ಆರಂಭವಿಲ್ಲ.

ಒಪ್ಪಿಗೆಗೆ ಮೊದಲು ಕೇಳೋಣ

ಮುಂದಿನ ಬಾರಿ ಪಾಲನಾ ಮಂಡಳಿಯ ಮೇಜಿನ ಮೇಲೆ ಹೊಸ ಕಟ್ಟಡದ ನಕ್ಷೆ ಬಂದಾಗ ಚದರ ಅಡಿಯ ದರದ ಜೊತೆಗೆ ಇವನ್ನೂ ಕೇಳೋಣ:

- ಪಶ್ಚಿಮದ ಬಿಸಿಲನ್ನು ಹೇಗೆ ತಡೆಯುತ್ತೀರಿ? ತಾರಸಿಗೆ ನೆರಳೋ ಬಿಳಿ ಹೊದಿಕೆಯೋ ಇದೆಯೇ?
- ಹಗಲು ಹತ್ತು ಗಂಟೆಗೆ ದೀಪವಿಲ್ಲದೆ ಈ ಕೋಣೆಯಲ್ಲಿ ಓದಬಹುದೇ?
- ಕಿಟಕಿಯ ಎದುರು ಗೋಡೆಯಲ್ಲೂ ಗಾಳಿ ಹೋಗಲು ದಾರಿ ಇದೆಯೇ?
- ದೀಪ, ಫ್ಯಾನುಗಳ ಸ್ವಿಚ್ಚುಗಳನ್ನು ಸಾಲು ಸಾಲಾಗಿ ಬೇರೆ ಮಾಡಿದ್ದೀರಾ?
- ಮಳೆನೀರು ಎಲ್ಲಿಗೆ ಹೋಗುತ್ತದೆ? ಸ್ನಾನದ ನೀರಿನ ಪೈಪು ಬೇರೆಯೇ?
- ವರ್ಷಕ್ಕೆ ಎಷ್ಟು ಯೂನಿಟ್ ಬೇಕಾದೀತು? ಆ ಲೆಕ್ಕವನ್ನು ಬರೆದು ಕೊಡುವಿರಾ?

ಕೊನೆಯ ಪ್ರಶ್ನೆಗೆ ಉತ್ತರ ಬರೆದು ಕೊಡುವವರೇ ನಾವು ಇಷ್ಟು ಹೊತ್ತು ಹೇಳಿದ ಎಂಜಿನಿಯರು. ಅವರಿಗೆ ಕೊಡುವ ಶುಲ್ಕ ದುಬಾರಿ ಎನ್ನಿಸಬಹುದು. ಆದರೆ ಕಟ್ಟಡ ನಿಧಿಗೆ ದಾನ ಕೊಡುವವರು ಒಮ್ಮೆ ಕೊಡುತ್ತಾರೆ. ಬಿಲ್ಲು ಪ್ರತಿ ತಿಂಗಳು ಬರುತ್ತದೆ, ಮತ್ತು ಅದನ್ನು ಕಟ್ಟುವುದು ಮಕ್ಕಳ ಶುಲ್ಕದಿಂದ, ರೋಗಿಗಳ ಬಿಲ್ಲಿನಿಂದ, ಭಾನುವಾರದ ಕಾಣಿಕೆಯಿಂದ. ನಮ್ಮ ಆ ಸಭಾಭವನದ ಸ್ವಿಚ್ಚುಗಳನ್ನು ಬೇರೆ ಮಾಡಿಸಲು ಕೊನೆಗೆ ಗೋಡೆ ಕೊರೆಯಬೇಕಾಯಿತು. ನಕ್ಷೆಯ ಮೇಲಾಗಿದ್ದರೆ ಒಂದು ಪೆನ್ಸಿಲು ಸಾಕಿತ್ತು.